ಅರ್ಧ ಗಂಟೆ ತುಂಬದ ಒಂದು ರೆಕಾರ್ಡ್

ಮನೆಯ ಹತ್ತಿರದ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ಕಚೇರಿಯ ಎದುರು ಇಳಿಯುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತದೆ. ಕಳೆದ ಮಳೆಗಾಲದಿಂದ ಈ ಅರ್ಧ ಗಂಟೆಯನ್ನು ನಾನು ಒಂದೇ ರೆಕಾರ್ಡಿಗೆ ಕೊಟ್ಟಿದ್ದೇನೆ. ಪಿಯಾನೊ ವಾದಕ ಪಾಲ್ ಬ್ಲೇಯ ‘ಕ್ಲೋಸರ್’. 1965ರ ಡಿಸೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾದದ್ದು. ಅದರಲ್ಲಿ ಹತ್ತು ತುಣುಕುಗಳಿವೆ. ಯಾವುದೂ ಐದು ನಿಮಿಷ ಮುಟ್ಟುವುದಿಲ್ಲ, ಹತ್ತೂ ಸೇರಿದರೆ ಅರ್ಧ ಗಂಟೆ ತುಂಬುವುದಿಲ್ಲ. ಕೊನೆಯ ಸ್ವರ ನಿಂತ ಮೇಲೂ ನನ್ನ ನಿಲ್ದಾಣಕ್ಕೆ ಒಂದು ಸಿಗ್ನಲ್ ಉಳಿದಿರುತ್ತದೆ. ಆ ಸಿಗ್ನಲ್ಲಿನಲ್ಲಿ ಇಯರ್‌ಫೋನ್ ತೆಗೆಯದೆ ಕುಳಿತಿರುತ್ತೇನೆ. ಆಟೊಗಳ ಹಾರ್ನ್, ಕಂಡಕ್ಟರನ ಸೀಟಿ, ಕಿಟಕಿಯ ಗಾಜಿನ ಗಡಗಡ, ದಿನವೂ ಒಂದೇ ಗದ್ದಲವಾಗಿ ಕಿವಿಗೆ ಬೀಳುವ ಇವೆಲ್ಲ ಆಗ ಸ್ವಲ್ಪ ಹೊತ್ತು ಒಂದೊಂದಾಗಿ, ತಮ್ಮ ತಮ್ಮ ಜಾಗದಲ್ಲಿ ನಿಂತು ಕೇಳಿಸುತ್ತವೆ.

ಫ್ರೀ ಜಾಝ್, ಅಂದರೆ ಕಟ್ಟುಪಾಡು ಬಿಟ್ಟ ಜಾಝ್, ಎಂಬ ಹೆಸರು ಕೇಳಿದರೆ ಜಾಝ್ ಪ್ರೀತಿಸುವವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನೂ ಬಹಳ ವರ್ಷ ಹಾಗೇ ಸರಿದು ನಿಂತವನು. ಸ್ಯಾಕ್ಸೋಫೋನಿನ ಚೀರಾಟ, ಯಾರು ಯಾರನ್ನೂ ಕೇಳಿಸಿಕೊಳ್ಳದಂತೆ ತೋರುವ ಜಗಳ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯದ ನಲವತ್ತು ನಿಮಿಷ. ಅಂಥ ರೆಕಾರ್ಡುಗಳಲ್ಲಿ ಕೆಲವನ್ನು ಈಗ ತುಂಬ ಮೆಚ್ಚುತ್ತೇನೆ. ಆದರೆ ನನ್ನನ್ನು ಒಳಗೆ ಕರೆದುಕೊಂಡು ಹೋದದ್ದು ಅವುಗಳಲ್ಲ. ಮೂರೇ ಜನ, ಮೆಲುದನಿಯಲ್ಲಿ, ಒಬ್ಬರ ಮಾತು ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು ನುಡಿಸಿದ ಈ ಸಣ್ಣ ರೆಕಾರ್ಡ್. ಪಿಯಾನೊದಲ್ಲಿ ಮೂವತ್ತಮೂರು ವರ್ಷದ ಬ್ಲೇ. ಆಳೆತ್ತರದ ಡಬಲ್ ಬಾಸಿನಲ್ಲಿ ಇಪ್ಪತ್ತೈದರ ಸ್ಟೀವ್ ಸ್ವಾಲೋ. ಡ್ರಮ್ಸಿನಲ್ಲಿ ಇನ್ನೂ ಇಪ್ಪತ್ತಮೂರು ತುಂಬದ ಬ್ಯಾರಿ ಆಲ್ಟ್‌ಶುಲ್.

ಇವರು ಯಾವುದರಿಂದ ಬಿಡುಗಡೆ ಪಡೆದರು ಎಂಬುದನ್ನು ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದು ಸುಲಭ. ಆವರೆಗಿನ ಜಾಝ್‌ನಲ್ಲಿ ಒಂದು ಹಾಡು ಇರುತ್ತದೆ, ಹಾಡಿನ ಕೆಳಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ, ಒಂದು ಸಾಲು ಇರುತ್ತದೆ. ಹಾಡು ನುಡಿಸಿ ಮುಗಿದ ಮೇಲೂ ಆ ಸಾಲು ನಮ್ಮ ತಾಳದ ಆವರ್ತದ ಹಾಗೆ ಮತ್ತೆ ಮತ್ತೆ ಸುತ್ತುತ್ತದೆ. ವಾದಕನ ಮನೋಧರ್ಮ ಅದರ ಮೇಲೆಯೇ ನಡೆಯಬೇಕು. ಒಂದು ಸುತ್ತಿಗೆ ತಾಳದ ಮೂವತ್ತೆರಡು ಅಳತೆಗಳಾದರೆ ಮೂವತ್ತೆರಡು, ಮೂವತ್ತಮೂರನೆಯದಕ್ಕೆ ಮತ್ತೆ ಮೊದಲ ಮನೆ. ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೋಫೋನ್ ವಾದಕ 1950ರ ದಶಕದ ಕೊನೆಗೆ ಈ ಸುತ್ತನ್ನೇ ಕೈಬಿಟ್ಟ. ಹಾಡು ಉಳಿಯಿತು, ಹಾಡಿನ ಭಾವ ಉಳಿಯಿತು, ಅದು ಎತ್ತ ಕರೆಯುತ್ತದೋ ಅತ್ತ ಹೋಗುವ ದಾರಿ ತೆರೆಯಿತು. 1958ರಲ್ಲಿ ಲಾಸ್ ಏಂಜಲೀಸ್‌ನ ಹಿಲ್‌ಕ್ರೆಸ್ಟ್ ಕ್ಲಬ್ಬಿನಲ್ಲಿ ಪಿಯಾನೊ ನುಡಿಸುತ್ತಿದ್ದವನು ಇದೇ ಪಾಲ್ ಬ್ಲೇ. ಕೋಲ್ಮನ್‌ನನ್ನೂ ಅವನ ಜೊತೆಗಾರ ಡಾನ್ ಚೆರಿಯನ್ನೂ ತನ್ನ ತಂಡಕ್ಕೆ ಸೇರಿಸಿಕೊಂಡವನೂ ಅವನೇ. ಬಾಸ್‌ನಲ್ಲಿ ಚಾರ್ಲಿ ಹೇಡನ್, ಡ್ರಮ್ಸಿನಲ್ಲಿ ಬಿಲಿ ಹಿಗಿನ್ಸ್. ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದ ಕೋಲ್ಮನ್ ನಾಲ್ವರ ತಂಡದ ಎಲ್ಲರೂ ಆ ವೇದಿಕೆಯ ಮೇಲಿದ್ದರು. ಆಮೇಲೆ ಅವರು ಪಿಯಾನೊ ಇಲ್ಲದೆ ಮುಂದೆ ನಡೆದರು.

ಪಿಯಾನೊ ಯಾಕೆ ಬೇಡವಾಯಿತು ಎನ್ನುವುದು ಹಾರ್ಮೋನಿಯಂ ಜಗಳ ಗೊತ್ತಿರುವ ನಮಗೆ ವಿವರಿಸಬೇಕಾಗಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟು ಸುಮಾರು ಮೂರು ದಶಕ ಬಾಗಿಲು ತೆರೆಯಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರಲಾರದ ವಾದ್ಯ, ಗಮಕ ಮೀಂಡ್ ಬಾರದ ವಾದ್ಯ ಎಂಬುದು ಅದರ ಮೇಲಿದ್ದ ಮುಖ್ಯ ಆಪಾದನೆ. ಪಿಯಾನೊದ ಕಷ್ಟವೂ ಅದೇ. ಕೋಲ್ಮನ್‌ನ ಸ್ಯಾಕ್ಸೋಫೋನ್ ಸ್ವರವನ್ನು ಅಳುವ ಮನುಷ್ಯನ ದನಿಯ ಹಾಗೆ ಬಾಗಿಸುತ್ತದೆ. ಪಿಯಾನೊದ ಮನೆಗಳು ಶ್ರುತಿ ಮಾಡಿದಲ್ಲೇ ನಿಂತಿರುತ್ತವೆ. ಅದರ ಮೇಲೆ ಪಿಯಾನೊ ಎಂದರೆ ಕಾರ್ಡ್‌ಗಳ ತವರುಮನೆ. ಹತ್ತು ಬೆರಳಿರುವವನು ಹತ್ತು ಸ್ವರ ಒತ್ತಿದರೆ ಜೊತೆಯವರಿಗೆ ಬೇಲಿ ಹಾಕಿದಂತೆಯೇ. ಈ ವಾದ್ಯ ಇಟ್ಟುಕೊಂಡು ಬೇಲಿ ಇಲ್ಲದ ಸಂಗೀತ ನುಡಿಸುವುದು ಹೇಗೆ?

ಈ ಪ್ರಶ್ನೆಗೆ ಆ ಕಾಲದಲ್ಲಿ ಎರಡು ದೊಡ್ಡ ಉತ್ತರಗಳು ಬಂದವು. ಒಂದು ಸೆಸಿಲ್ ಟೇಲರ್‌ನದು. ಎಂಬತ್ತೆಂಟು ಮನೆಗಳನ್ನು ಎಂಬತ್ತೆಂಟು ಡ್ರಮ್ಮುಗಳ ಹಾಗೆ ನಡೆಸಿಕೊಂಡ ಮಹಾಪ್ರತಿಭೆ ಅವನು, ಮಳೆ ಹೊಡೆದ ಹಾಗೆ ನುಡಿಸುತ್ತಾನೆ. ಇನ್ನೊಂದು ಬ್ಲೇಯದು. ಅವನು ಕೈಗಳನ್ನು ಮೇಲೆತ್ತಿದ. ಎಡಗೈ ಎಷ್ಟೋ ಹೊತ್ತು ಸುಮ್ಮನಿರುತ್ತದೆ, ಬಲಗೈ ಊದುವ ವಾದ್ಯದವನು ಉಸಿರು ತೆಗೆದುಕೊಳ್ಳುವ ಹಾಗೆ ಒಂದು ಸಾಲು ಹೇಳಿ ನಿಲ್ಲುತ್ತದೆ. ನಿಂತ ಜಾಗದಲ್ಲಿ ಸ್ವಾಲೋನ ಬಾಸ್ ಬಂದು ಕೂರುತ್ತದೆ. ಸ್ವರ ಬಾಗದಿದ್ದರೇನು, ಅದು ಆರಿಹೋಗುವುದನ್ನು ಕಾಯಬಹುದಲ್ಲ ಎಂದು ಅವನು ಕಂಡುಕೊಂಡ ಹಾಗಿದೆ. ಪಿಯಾನೊದ ಒಂದು ಸ್ವರ ಒತ್ತಿದ ಕ್ಷಣದಿಂದಲೇ ಸಾಯತೊಡಗುತ್ತದೆ. ‘ಕ್ಲೋಸರ್’ನಲ್ಲಿ ಆ ಸಾಯುವಿಕೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಲು ಪುರುಸೊತ್ತು ಇದೆ.

ಒಂದು ಭಾನುವಾರ ಈ ರೆಕಾರ್ಡನ್ನು ಇಯರ್‌ಫೋನ್ ಇಲ್ಲದೆ, ಊಟದ ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಹಾಕಿದೆ. ಅವರೆಕಾಯಿಯ ಕಾಲ. ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿದುಕುತ್ತಾ ಕುಳಿತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಸ್ಟೀಲಿನ ತಟ್ಟೆಗೆ ಬೀಳುತ್ತದೆ. ಟಣ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಮ್ಮೊಮ್ಮೆ ಎರಡು ಒಟ್ಟಿಗೆ. ಅಮ್ಮ ಚಿಕ್ಕವಳಿದ್ದಾಗ ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತವಳು, ವರ್ಣಗಳ ತನಕ ಬಂದು ಮದುವೆಯಾಗಿ ಬಿಟ್ಟವಳು. ನನ್ನ ಜಾಝ್ ಬಗ್ಗೆ ಅವಳಿಗೆ ಆಸಕ್ತಿಯೂ ಇಲ್ಲ, ತಕರಾರೂ ಇಲ್ಲ.

ಮೊದಲ ತುಣುಕು ‘ಐಡಾ ಲುಪಿನೊ’. ಇಂಗ್ಲೆಂಡಿನಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ನಟಿಯಾಗಿ ಹೆಸರು ಮಾಡಿ, ಹೆಂಗಸರು ನಿರ್ದೇಶಕಿಯ ಕುರ್ಚಿಯಲ್ಲಿ ಕೂರುವುದೇ ಅಪರೂಪವಾಗಿದ್ದ ಕಾಲದಲ್ಲಿ ಚಿತ್ರಗಳನ್ನು ನಿರ್ದೇಶಿಸಿದವಳ ಹೆಸರು ಅದು. ಸಂಗೀತದಲ್ಲಿ ಕಥೆ ಏನೂ ಇಲ್ಲ. ಒಂದು ಸಣ್ಣ ನಡೆ ಶುರುವಾಗುತ್ತದೆ, ತೊಟ್ಟಿಲು ತೂಗಿದ ಹಾಗೆ ಅಲ್ಲಲ್ಲೇ ಆಡುತ್ತದೆ, ಎಷ್ಟು ಹೊತ್ತಾದರೂ ತಾನಿದ್ದ ಷಡ್ಜವನ್ನು ಬಿಡುವುದಿಲ್ಲ. ಅದರ ಮೇಲೆ ಒಂದು ರಾಗ, ಮಗುವಿಗೂ ಬಾಯಿಗೆ ಬರುವಷ್ಟು ಸರಳ. ಬ್ಲೇ ಅದನ್ನು ಅಲಂಕರಿಸಲು ಹೋಗುವುದಿಲ್ಲ. ಹೇಳುತ್ತಾನೆ, ಮತ್ತೆ ಹೇಳುತ್ತಾನೆ, ಪ್ರತಿ ಸಲವೂ ಸ್ವರದ ಮೇಲಿನ ಒತ್ತು ಕೂದಲೆಳೆಯಷ್ಟು ಬೇರೆ. ಫ್ರೀ ಜಾಝ್ ರೆಕಾರ್ಡೊಂದು ಹೀಗೆ ಜೋಗುಳದ ಹಾಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ಮೊದಲ ಸಲ ಕೇಳಿದಾಗ ನನಗೆ ನಂಬಲಾಗಿರಲಿಲ್ಲ. ತಪ್ಪು ರೆಕಾರ್ಡ್ ಹಾಕಿದೆನೇ ಎಂದು ಮೊಬೈಲ್ ತೆಗೆದು ನೋಡಿದ್ದೆ.

ಅಮ್ಮ ಕಾಳು ಹಿದುಕುವುದನ್ನು ನಿಲ್ಲಿಸದೆ ಹೇಳಿದಳು: “ಶಂಕರಾಭರಣದ ಹತ್ತಿರ ಬರುತ್ತಿದೆ ನೋಡು. ಹತ್ತಿರ ಬಂದು, ಒಳಗೆ ಕಾಲಿಡದೆ ಹೋಗುತ್ತಿದೆ.”

ಮೂರನೆಯದು ಹೆಸರಿನ ತುಣುಕು, ‘ಕ್ಲೋಸರ್’. ಎರಡು ನಿಮಿಷದ ಆಸುಪಾಸು. ಇಂಗ್ಲಿಷಿನ ಆ ಅಕ್ಷರಗಳಲ್ಲಿ ‘ಇನ್ನೂ ಹತ್ತಿರ’ ಎಂಬ ಅರ್ಥವಿದೆ, ಉಚ್ಚಾರ ಬದಲಿಸಿದರೆ ಮುಚ್ಚುವುದು, ಮುಗಿಸುವುದು ಎಂಬ ಅರ್ಥವೂ ಇದೆ. ಎರಡೂ ಹೊಂದುತ್ತವೆ. ಬಿಡಿ ಬಿಡಿ ಸ್ವರಗಳು, ನಡುವೆ ದೊಡ್ಡ ದೊಡ್ಡ ಅಂತರ, ತಾಳ ಎಂದು ಕೈ ಹಾಕಲು ಏನೂ ಇಲ್ಲ. ಆಲ್ಟ್‌ಶುಲ್ ತಾಳದಟ್ಟೆಯ ಅಂಚನ್ನು ಮುಟ್ಟುತ್ತಾನೆ, ಅಷ್ಟೆ. ನಮ್ಮ ಆಲಾಪನೆಯ ಹಾಗೆ ಅನಿಬದ್ಧ. ಆ ಮೌನಗಳ ನಡುವೆ ಅಮ್ಮನ ತಟ್ಟೆಗೆ ಅವರೆಬೇಳೆ ಬೀಳುತ್ತಿದ್ದದ್ದು ರೆಕಾರ್ಡಿನ ಒಳಗಿನಿಂದಲೇ ಬಂದಂತಿತ್ತು. ಟಣ್. ಪಿಯಾನೊದ ಎರಡು ಸ್ವರ. ಟಣ್. ಬಾಸಿನ ಒಂದು ತಂತಿ. ಮುಗಿಯಿತು.

“ಆಯಿತೇ? ಆಲಾಪನೆ ಮಾಡಿ ಎದ್ದುಹೋದನಲ್ಲ, ಕೃತಿ ಎಲ್ಲಿ?” ಎಂದಳು ಅಮ್ಮ.

‘ಬ್ಯಾಟರಿ’ ಎಂಬ ಐದನೆಯ ತುಣುಕಿಗೆ ಬಂದಾಗ ಮಾತ್ರ ಅವಳು ತಲೆಯೆತ್ತಿ, “ಮೃದಂಗದವನಿಗೆ ಸಿಟ್ಟು ಬಂದಿದೆ, ಸ್ವಲ್ಪ ಸಣ್ಣದು ಮಾಡು” ಎಂದಳು. ರೆಕಾರ್ಡಿನಲ್ಲಿ ಮೂವರೂ ಒಟ್ಟಿಗೆ ಓಡುವುದು ಹೆಚ್ಚಾಗಿ ಅಲ್ಲಿಯೇ. ಆ ಓಟದಲ್ಲೂ ಯಾರ ಕಾಲನ್ನೂ ಯಾರೂ ತುಳಿಯುವುದಿಲ್ಲ. ಡ್ರಮ್ಸ್ ಇಲ್ಲಿ ಪಕ್ಕವಾದ್ಯವಾಗಿ ಉಳಿದಿಲ್ಲ. ತನಿ ಆವರ್ತನಕ್ಕಾಗಿ ಕಾಯದೆ ಮೊದಲಿನಿಂದಲೂ ತನ್ನ ಮಾತು ತಾನು ಆಡುತ್ತದೆ, ಪಿಯಾನೊ ಅದಕ್ಕೆ ಜಾಗ ಬಿಟ್ಟು ಸರಿದುಕೊಳ್ಳುತ್ತದೆ. ದಿನವೂ ಕೇಳುವವನಾಗಿ ನನಗೆ ಇಷ್ಟು ಹೇಳಬೇಕು: ಸ್ವಾಲೋ ಇಲ್ಲದಿದ್ದರೆ ಈ ಸಂಗೀತ ಹಾರಿಹೋಗುತ್ತಿತ್ತು. ಬ್ಲೇ ಮತ್ತು ಆಲ್ಟ್‌ಶುಲ್ ಇಬ್ಬರೂ ನೆಲ ಬಿಟ್ಟಾಗ ಕೆಳಗೆ ಒಂದು ದಪ್ಪ, ಮರದ ವಾಸನೆಯ ಸ್ವರ ಬಂದು ನಿಲ್ಲುತ್ತದೆ. ಅದು ಅವರನ್ನು ಕಟ್ಟಿಹಾಕುವುದಿಲ್ಲ, ಇಳಿಯಬೇಕೆನಿಸಿದರೆ ಇಳಿಯಲು ನೆಲವಾಗಿರುತ್ತದೆ.

ಈ ರೆಕಾರ್ಡ್ ಹೊರಬಂದ ಕಾಲದ ವಿಮರ್ಶೆಯ ವಾತಾವರಣವನ್ನು ನೆನೆದರೆ ಅದು ಯಾವ ಬಿಸಿಗಾಳಿಯೊಳಗೆ ಇಳಿಯಿತು ಎಂದು ತಿಳಿಯುತ್ತದೆ. 1961ರ ನವೆಂಬರಿನಲ್ಲಿ ‘ಡೌನ್‌ಬೀಟ್’ ಪತ್ರಿಕೆಯಲ್ಲಿ ಜಾನ್ ಟೈನನ್ ಎಂಬ ವಿಮರ್ಶಕ ಸ್ಯಾಕ್ಸೋಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿಯವರ ಸಂಗೀತವನ್ನು ಜಾಝ್‌ಗೇ ವಿರೋಧಿಯಾದದ್ದು ಎಂದು ಕರೆದ. ಎರಡು ತಿಂಗಳ ನಂತರ ಅದೇ ಪತ್ರಿಕೆ ಕೋಲ್ಮನ್‌ನ ‘ಫ್ರೀ ಜಾಝ್’ ರೆಕಾರ್ಡಿಗೆ ಒಟ್ಟಿಗೆ ಎರಡು ವಿಮರ್ಶೆ ಮುದ್ರಿಸಿತು. ಪೀಟ್ ವೆಲ್ಡಿಂಗ್ ಕೊಟ್ಟದ್ದು ಐದಕ್ಕೆ ಐದು ನಕ್ಷತ್ರ. ಟೈನನ್ ಕೊಟ್ಟದ್ದು ಸೊನ್ನೆ. ಒಂದೇ ರೆಕಾರ್ಡ್, ಒಂದೇ ಸಂಚಿಕೆ. ಇಂಥ ಜಗಳದಲ್ಲಿ ನಡುವಿನ ಅಂಕ ಎನ್ನುವುದೇ ಇರುವುದಿಲ್ಲ, ಯಾವ ಕಡೆ ಎಂದು ಹೇಳಲೇಬೇಕು.

ಜಗಳ ಬರೀ ಸ್ವರಗಳ ಬಗ್ಗೆ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. 1963ರಲ್ಲಿ ಕಪ್ಪು ಕವಿ ಲಿರಾಯ್ ಜೋನ್ಸ್ (ಮುಂದೆ ಅಮಿರಿ ಬರಾಕಾ) ಅದೇ ಪತ್ರಿಕೆಯಲ್ಲಿ ಬಿಳಿಯ ವಿಮರ್ಶಕರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡ. ನೀವು ಸ್ವರಗಳನ್ನು ಎಣಿಸುತ್ತೀರಿ, ಆ ಸ್ವರ ಹುಟ್ಟಿದ ಬದುಕನ್ನೂ ಮನಸ್ಸನ್ನೂ ನೋಡುವುದಿಲ್ಲ ಎಂಬುದು ಅವನ ವಾದದ ತಿರುಳು. 1965 ಎಂದರೆ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಕೊಲೆಯಾದ ವರ್ಷ, ಅವರ ಮತದಾನದ ಹಕ್ಕಿಗಾಗಿ ಸೆಲ್ಮಾದಲ್ಲಿ ನಡೆದ ಮೆರವಣಿಗೆಗಳ ವರ್ಷ, ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆ ವಾಟ್ಸ್ ಹೊತ್ತಿ ಉರಿದ ವರ್ಷ. ಅದೇ ಜೂನ್ 28ರಂದು ಕೋಲ್ಟ್ರೇನ್ ಹನ್ನೊಂದು ಜನರನ್ನು ಸ್ಟುಡಿಯೊದಲ್ಲಿ ಸೇರಿಸಿ ‘ಅಸೆನ್ಶನ್’ ನುಡಿಸಿದ. ಕೇಳಿದರೆ ಎದೆ ನಡುಗುತ್ತದೆ. ಆ ದಿನಗಳ ಕಿವಿ ಅಂಥ ದನಿಯ ಕಡೆಗೆ ತಿರುಗಿದ್ದು ಸಹಜ, ಸರಿಯೂ ಹೌದು. ಆರು ತಿಂಗಳೂ ಕಳೆಯುವ ಮೊದಲು, ಮಾಂಟ್ರಿಯಲ್‌ನಿಂದ ಬಂದ ಒಬ್ಬ ಬಿಳಿಯ ಪಿಯಾನೊ ವಾದಕ ಎರಡು ನಿಮಿಷದ ಮೌನಗಳನ್ನು ಧ್ವನಿಮುದ್ರಿಸಿದರೆ ಅದು ಯಾರ ಜಗಳಕ್ಕೂ ಆಯುಧವಾಗುವುದಿಲ್ಲ. ಹಳೆಯ ಜಾಝ್‌ನ ಕಾವಲುಗಾರರಿಗೆ ಅದರಲ್ಲಿ ಬೇಕಾದ ನಡೆ ಇಲ್ಲ, ಕಾರ್ಡ್‌ಗಳ ಸುತ್ತು ಇಲ್ಲ. ಬೆಂಕಿಯನ್ನು ಹುಡುಕಿ ಬಂದವರಿಗೆ ಅದರಲ್ಲಿ ಬೆಂಕಿ ಕಾಣಿಸುವುದಿಲ್ಲ. ‘ಕ್ಲೋಸರ್’ಗೆ ಆಗ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ. ಸ್ವಾತಂತ್ರ್ಯವನ್ನು ಸದ್ದಿನ ಅಳತೆಯಲ್ಲಿ ತೂಗುವ ಅಭ್ಯಾಸ ಆಗ ಶುರುವಾದದ್ದು ಇಂದಿಗೂ ಪೂರ್ತಿ ಹೋಗಿಲ್ಲ.

ಮೆಲುದನಿಯ ಬಿಡುಗಡೆಗೆ ಏನು ಬೆಲೆ ಎಂಬುದು ಬ್ಲೇ ಮತ್ತು ಸ್ವಾಲೋ ಇಬ್ಬರಿಗೂ ಮೊದಲೇ ಗೊತ್ತಿತ್ತು. ಅವರಿಬ್ಬರೂ ಕ್ಲ್ಯಾರಿನೆಟ್ ವಾದಕ ಜಿಮ್ಮಿ ಜುಫ್ರಿಯ ಜೊತೆ, ಡ್ರಮ್ಸ್ ಇಲ್ಲದ ಒಂದು ಮೂವರ ತಂಡದಲ್ಲಿದ್ದರು. 1961ರಲ್ಲಿ ಎರಡು ರೆಕಾರ್ಡ್, 1962ರಲ್ಲಿ ಕೊಲಂಬಿಯಾ ಕಂಪನಿಗೆ ‘ಫ್ರೀ ಫಾಲ್’. ಇಂದು ಇವನ್ನು ಮೇರುಕೃತಿಗಳು ಎನ್ನುತ್ತಾರೆ. ಅಂದು ಕೇಳುವವರಿರಲಿಲ್ಲ. ನ್ಯೂಯಾರ್ಕಿನ ಒಂದು ಕಾಫಿ ಅಂಗಡಿಯಲ್ಲಿ ನುಡಿಸಿದ ರಾತ್ರಿ ಬಂದ ಹಣವನ್ನು ಹಂಚಿಕೊಂಡಾಗ ತಲೆಗೆ 35 ಸೆಂಟ್ ಬಂತಂತೆ. ಆ ರಾತ್ರಿಯೇ ತಂಡವನ್ನು ಮುಚ್ಚಿದರು ಎಂದು ಸ್ವಾಲೋ ಮುಂದೆ ಹೇಳಿಕೊಂಡಿದ್ದಾನೆ. ಜುಫ್ರಿ ಆಮೇಲೆ ಹತ್ತಿರ ಹತ್ತಿರ ಹತ್ತು ವರ್ಷ ತನ್ನ ಹೆಸರಿನಲ್ಲಿ ರೆಕಾರ್ಡ್ ಮಾಡಲಿಲ್ಲ. 1961ರ ಆ ಎರಡು ರೆಕಾರ್ಡುಗಳನ್ನು ಜರ್ಮನಿಯ ಇಸಿಎಂ ಕಂಪನಿ 1992ರಲ್ಲಿ ಮತ್ತೆ ಹೊರತಂದಾಗ ಜನ ಬೆರಗಾಗಿ ಕೇಳಿದರು. ಮೂವತ್ತು ವರ್ಷ ಬೇಕಾಯಿತು.

ಈ 35 ಸೆಂಟಿನ ಲೆಕ್ಕ ನನಗೆ ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು. ಇಷ್ಟಾದ ಮೇಲೂ ಇದೇ ಇಬ್ಬರು ಮೂರು ವರ್ಷದ ನಂತರ ಮತ್ತೆ ಸ್ಟುಡಿಯೊಗೆ ಹೋಗಿ ಅದಕ್ಕಿಂತ ಬೋಳಾದ, ಅದಕ್ಕಿಂತ ಚಿಕ್ಕದಾದ ಸಂಗೀತ ನುಡಿಸಿದರಲ್ಲ! ಅದನ್ನು ಹೊರತಂದದ್ದು ಇಎಸ್‌ಪಿ-ಡಿಸ್ಕ್ ಎಂಬ ಪುಟ್ಟ ಕಂಪನಿ. ಬರ್ನಾರ್ಡ್ ಸ್ಟಾಲ್‌ಮನ್ ಎಂಬ ವಕೀಲ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯ ಮೇಲಿನ ಮೋಹದಿಂದ ಶುರು ಮಾಡಿದ್ದು, ಹೆಸರು ಬಂದದ್ದೂ ಅಲ್ಲಿಂದಲೇ. ಅದರ ರೆಕಾರ್ಡುಗಳ ಹೊದಿಕೆಯ ಮೇಲೆ ಒಂದು ಸಾಲು ಇರುತ್ತಿತ್ತು: ಈ ರೆಕಾರ್ಡಿನಲ್ಲಿ ನೀವು ಏನು ಕೇಳಬೇಕೆಂದು ತೀರ್ಮಾನಿಸುವವರು ಕಲಾವಿದರು ಮಾತ್ರ. ಹಣದ ವಿಷಯದಲ್ಲಿ ಕಲಾವಿದರ ದೂರುಗಳು ಆ ಕಂಪನಿಯ ಹಿಂದೆ ದಶಕಗಳ ಕಾಲ ಉಳಿದವು ಎಂಬುದೂ ನಿಜ. ಆದರೂ ಎರಡು ನಿಮಿಷದ ‘ಕ್ಲೋಸರ್’ ಎರಡು ನಿಮಿಷವಾಗಿಯೇ ಉಳಿದದ್ದು ಅಲ್ಲಿ. ಇನ್ನೊಂದು ಕಂಪನಿಯಾಗಿದ್ದರೆ ಎಳೆದು ಉದ್ದ ಮಾಡಿ, ರೆಕಾರ್ಡಿನ ಬದಿ ತುಂಬಿಸಿ ಎನ್ನುತ್ತಿತ್ತೇನೋ.

ಈಗ ಬರೆದವಳ ಬಗ್ಗೆ. ರೆಕಾರ್ಡಿನ ಮುಖದ ಮೇಲಿರುವುದು ಪಾಲ್ ಬ್ಲೇಯ ಹೆಸರು. ಹತ್ತು ತುಣುಕುಗಳಲ್ಲಿ ಏಳನ್ನು ಬರೆದವಳು ಕಾರ್ಲಾ ಬ್ಲೇ. ‘ಐಡಾ ಲುಪಿನೊ’ ಅವಳದು, ‘ಕ್ಲೋಸರ್’ ಅವಳದು, ‘ಬ್ಯಾಟರಿ’ ಅವಳದು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹುಟ್ಟಿ, ಸಂಗೀತ ಕೇಳುವ ಹುಚ್ಚಿನಿಂದ ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಬಂದು, ಬರ್ಡ್‌ಲ್ಯಾಂಡ್ ಎಂಬ ಹೆಸರಾಂತ ಕ್ಲಬ್ಬಿನಲ್ಲಿ ಕುತ್ತಿಗೆಗೆ ತಟ್ಟೆ ಕಟ್ಟಿಕೊಂಡು ಸಿಗರೇಟ್ ಮಾರುತ್ತಿದ್ದವಳು. ಮಾರುವುದಕ್ಕಿಂತ ಕೇಳುವುದೇ ಹೆಚ್ಚಾಗಿತ್ತು. ಪಾಲ್‌ನನ್ನು ಕಂಡದ್ದು ಅಲ್ಲಿ, ಮದುವೆಯಾದದ್ದು 1957ರಲ್ಲಿ. ನುಡಿಸಲು ಹೊಸತು ಬೇಕಾದಾಗ ಅವನು ಕೇಳುತ್ತಿದ್ದ, ಅವಳು ಬರೆದುಕೊಡುತ್ತಿದ್ದಳು. ಅವಳ ಬರವಣಿಗೆ ಒಂದು ಪುಟ ಮೀರುವುದು ಅಪರೂಪ. ‘ಆ್ಯಂಡ್ ನೌ ದ ಕ್ವೀನ್’ ಎಂಬುದರ ರಾಗ ಎಷ್ಟು ಚಿಕ್ಕದೆಂದರೆ ಕೇಳುವವನು ಕಿವಿ ನಿಮಿರಿಸುವಷ್ಟರಲ್ಲಿ ಹೇಳಿ ಮುಗಿಸಿರುತ್ತದೆ. ಆ ಪುಟ್ಟ ರಾಗಗಳು ಒಂದು ಪ್ರಶ್ನೆ ಎತ್ತಿ ಬಿಡುತ್ತವೆ, ಉತ್ತರಕ್ಕೆ ನುಡಿಸುವವನು ತನ್ನನ್ನೇ ತಾನು ಹುಡುಕಬೇಕಾಗುತ್ತದೆ. ಮೂವರ ತಂಡ ಎನ್ನುತ್ತೇವೆ, ಈ ರೆಕಾರ್ಡಿನಲ್ಲಿ ಕೂತಿರುವವರು ನಾಲ್ವರು. ನಾಲ್ಕನೆಯವಳು ವಾದ್ಯ ಮುಟ್ಟಿಲ್ಲ, ಅಷ್ಟೆ. ‘ಬ್ಲೇಯ ಸಂಗೀತ’ ಎಂದು ಬರೆಯುವಾಗ ಯಾವ ಬ್ಲೇ ಎಂದು ಹೇಳದೆ ಮುಂದೆ ಹೋಗುವ ಬರಹಗಳನ್ನು ಓದಿದಾಗ ನನಗೆ ನೋವಾಗುತ್ತದೆ. ರಾಗ ಕಟ್ಟಿದವರ ಹೆಸರನ್ನು ಅಂಕಿತದಲ್ಲಿಟ್ಟು ಹಾಡುವ ನಾಡಿನವನಿಗೆ ಈ ಮರೆವು ಸಣ್ಣದೆನಿಸುವುದಿಲ್ಲ.

ಉಳಿದ ಮೂರು ತುಣುಕುಗಳಲ್ಲಿ ಒಂದು ಪಾಲ್‌ನದು, ಒಂದು ಕೋಲ್ಮನ್‌ನದು. ಕೊನೆಯದಾದ ‘ಕಾರ್ಟೂನ್’ ಆನೆಟ್ ಪೀಕಾಕ್ ಎಂಬವಳದು. ಇಲ್ಲಿಗೆ ಬಂದಾಗ ಬದುಕಿನ ವಿವರಗಳು ಕೈ ಹಿಡಿದು ಎಳೆಯುತ್ತವೆ. ಈ ರೆಕಾರ್ಡಿನ ಹೊತ್ತಿಗೆ ಪಾಲ್ ಮತ್ತು ಕಾರ್ಲಾ ಬೇರೆಯಾಗುತ್ತಿದ್ದರು. ಆನೆಟ್ ಮುಂದೆ ಪಾಲ್‌ನ ಸಂಗಾತಿಯಾದಳು, ಅವನಿಗಾಗಿ ಹಲವು ಮರೆಯಲಾಗದ ರಾಗಗಳನ್ನು ಬರೆದಳು. ಬಾಸ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಸ್ಟೀವ್ ಸ್ವಾಲೋ ಬಹಳ ವರ್ಷಗಳ ನಂತರ ಕಾರ್ಲಾಳ ಬಾಳಸಂಗಾತಿಯಾಗಿ, 2023ರ ಅಕ್ಟೋಬರಿನಲ್ಲಿ ಅವಳು ತೀರಿಕೊಳ್ಳುವವರೆಗೂ ಜೊತೆಗಿದ್ದ. ಇದು ಗೊತ್ತಾದ ವಾರ ನಾನು ಈ ರೆಕಾರ್ಡನ್ನು ಪೂರ್ತಿ ಒಂದು ವಿರಹದ ಕಥೆಯಾಗಿ ಕೇಳಿದೆ. ಮೊದಲ ತುಣುಕು ಹೆಂಡತಿಯದು, ಕೊನೆಯದು ಮುಂದೆ ಬರಲಿರುವವಳದು, ನಡುವೆ ‘ಹತ್ತಿರ’ ಎಂದೂ ‘ಮುಗಿಯಿತು’ ಎಂದೂ ಓದಬಹುದಾದ ಒಂದು ಹೆಸರು. ಬಸ್ಸಿನಲ್ಲಿ ಕೂತು ಕಣ್ಣು ತೇವವಾಗುವಷ್ಟು ನಂಬಿದೆ.

ನಂಬಿಕೆ ಎರಡನೆಯ ವಾರ ಉಳಿಯಲಿಲ್ಲ. ಕಥೆ ಕಾರ್ಲಾಳನ್ನು ಮತ್ತೆ ಒಬ್ಬಳು ಹೆಂಡತಿಯನ್ನಾಗಿ ಮಾಡಿಬಿಡುತ್ತದೆ ಎಂದು ಹೊಳೆಯಿತು. ‘ಐಡಾ ಲುಪಿನೊ’ದಲ್ಲಿ ಅಗಲಿಕೆಯ ಒಂದು ಸ್ವರವೂ ಇಲ್ಲ. ಅಲ್ಲಿರುವುದು ಇನ್ನೂ ಮೂವತ್ತು ತುಂಬದ ಒಬ್ಬ ಹೆಣ್ಣುಮಗಳ ಖಚಿತವಾದ ಕೈಬರಹ, ಎಷ್ಟು ಬರೆದರೆ ಸಾಕು ಎಂದು ತಿಳಿದವಳದು. ಈ ರೆಕಾರ್ಡ್ ಆದ ಆರು ವರ್ಷದಲ್ಲಿ ಅವಳೇ ಮೂರು ರೆಕಾರ್ಡುಗಳ ಉದ್ದದ ‘ಎಸ್ಕಲೇಟರ್ ಓವರ್ ದ ಹಿಲ್’ ಎಂಬ ಬೃಹತ್ ಕೃತಿಯನ್ನು ಹೊರತಂದಳು. ಚಿಕ್ಕದನ್ನು ಬರೆಯುತ್ತಿದ್ದದ್ದು ಶಕ್ತಿ ಸಾಲದೆ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಕ್ಲೋಸರ್’ನ ನಿಜವಾದ ವಿಮರ್ಶೆ ಬರೆದವರು ಸಂಗೀತಗಾರರು, ಬರೆದದ್ದು ವಾದ್ಯಗಳ ಮೇಲೆ. ಮೊದಲನೆಯವನು ಪಾಲ್ ಬ್ಲೇಯೇ. 1972ರ ಸೆಪ್ಟೆಂಬರಿನಲ್ಲಿ ಓಸ್ಲೊದಲ್ಲಿ, ಇಸಿಎಂ ಕಂಪನಿಯ ಮಾನ್‌ಫ್ರೆಡ್ ಐಶರ್‌ಗಾಗಿ ಒಬ್ಬನೇ ಕುಳಿತು ‘ಓಪನ್, ಟು ಲವ್’ ನುಡಿಸಿದಾಗ ಅದರ ಮೊದಲ ಎರಡು ತುಣುಕುಗಳಾಗಿ ಇಟ್ಟದ್ದು ‘ಕ್ಲೋಸರ್’ ಮತ್ತು ‘ಐಡಾ ಲುಪಿನೊ’. ಏಳು ವರ್ಷದ ಹಿಂದೆ ಎರಡೇ ನಿಮಿಷದಲ್ಲಿ ಬಿಟ್ಟು ಬಂದ ಜಾಗಕ್ಕೆ ಮರಳಿ, ಈ ಸಲ ಚಪ್ಪಲಿ ಬಿಟ್ಟು ಒಳಗೆ ಕೂತಂತಿದೆ. ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಅವರಿದ್ದ ಜಾಗ ಖಾಲಿಯಾಗಿಯೇ ಕೇಳಿಸುತ್ತದೆ. ಐಶರ್‌ನ ಕಂಪನಿ ಮುಂದಿನ ದಶಕಗಳಲ್ಲಿ ಯಾವ ಬಗೆಯ ಮೌನಕ್ಕೆ ಹೆಸರಾಯಿತೋ, ಆ ಮೌನದ ಒಂದು ಬೇರು ಈ ಅಗ್ಗದ, ಅವಸರದ ಇಎಸ್‌ಪಿ ರೆಕಾರ್ಡಿನಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಿಯಾನೊ ವಾದಕ ಕೀತ್ ಜ್ಯಾರೆಟ್ ಹಾಡಿನೊಳಗಿಂದ ಹಾಡು ಬಿಟ್ಟು ಹೊರಬರುವ ರೀತಿಯಲ್ಲಿ ಬ್ಲೇಯ ಬೆರಳು ಕೇಳದವರಿಲ್ಲ. ಕಾರ್ಲಾ ತನ್ನ ‘ಡಿನ್ನರ್ ಮ್ಯೂಸಿಕ್’ ರೆಕಾರ್ಡಿನಲ್ಲಿ ‘ಐಡಾ ಲುಪಿನೊ’ವನ್ನು ತಾನೇ ನುಡಿಸಿದಳು. 2015ರಲ್ಲಿ ಮೇರಿ ಹಾಲ್ವರ್ಸನ್ ಎಂಬ ಗಿಟಾರ್ ವಾದಕಿ ಒಬ್ಬಳೇ ಕೂತು ‘ಮೆಲ್ಟ್‌ಫ್ರೇಮ್’ಗಾಗಿ ಅದನ್ನು ನುಡಿಸಿದಳು. ಮನೆಯಿಂದ ಮನೆಗೆ ಹೆಪ್ಪಿನ ಹಾಗೆ ಹೋದ ರಾಗ ಅದು.

ಆಲ್ಟ್‌ಶುಲ್ ಮತ್ತು ಸ್ವಾಲೋ ಮುಂದೆ ಬೇರೆ ಬೇರೆ ದಾರಿ ಹಿಡಿದರು. ಸ್ವಾಲೋ ಡಬಲ್ ಬಾಸನ್ನೇ ಬಿಟ್ಟು ಎಲೆಕ್ಟ್ರಿಕ್ ಬಾಸಿಗೆ ಹೋದ, ಆ ಮರದ ದನಿ ಹಳೆಯ ರೆಕಾರ್ಡುಗಳಲ್ಲಿ ಮಾತ್ರ ಉಳಿಯಿತು. ಪಾಲ್ ಬ್ಲೇ 2016ರ ಜನವರಿಯಲ್ಲಿ ತೀರಿಕೊಂಡ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ ಏನೋ ಗುನುಗುತ್ತಿದ್ದಳು. ಹಳೆಯ ವರ್ಣ ಇರಬೇಕು ಎಂದುಕೊಂಡು ಬಸ್ಸಿಗೆ ಹೊತ್ತಾಯಿತೆಂದು ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಿದೆ. ಅದೇ ತೊಟ್ಟಿಲ ನಡೆ. ಷಡ್ಜ ಬಿಡದೆ ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಸಾಲಿನ ಕೊನೆಯ ಸ್ವರಕ್ಕೆ ತನ್ನದೇ ಒಂದು ಗಮಕ ಹಾಕಿ ಇಳಿಸಿದಳು, ಪಿಯಾನೊದಲ್ಲಿ ಬಾರದಂಥದ್ದು. ಸಾಸಿವೆ ಸಿಡಿದು ನಿಂತಿತು, ಅವಳು ಬಾಣಲೆ ಇಳಿಸಿದಳು.